ಅತ್ತೆಯ ಕೊರಳಿಗೆ ಬಿದ್ದ ಸ್ಪೀಕರು

ಮನುಷ್ಯನ ಮೈಯಲ್ಲಿ ಕೊರಳಿನಷ್ಟು ಪಾಪದ ಅಂಗ ಇನ್ನೊಂದಿಲ್ಲ. ದೇವರು ಅದನ್ನು ಕೊಟ್ಟದ್ದು ತಲೆ ಹೊರಲಿಕ್ಕೆ. ನಾವು ಅದನ್ನು ಗೋಡೆಯ ಗೂಟ ಮಾಡಿಕೊಂಡೆವು. ಕೈಯಲ್ಲಿ ಹಿಡಿಯಲು ಬೇಸರವಾದದ್ದನ್ನೆಲ್ಲ ತಂದು ಅದಕ್ಕೇ ನೇತುಹಾಕುತ್ತೇವೆ. ನನ್ನ ಕೊರಳನ್ನೇ ನೋಡಿ. ತಾಳಿ ಇದೆ, ತವರಿನವರು ಹಾಕಿದ ಬೋರಮಾಳ ಸರ ಇದೆ, ಶಾಲೆಯ ಗುರುತಿನ ಚೀಟಿ ಇದೆ, ಕನ್ನಡಕದ ದಾರ ಇದೆ, ಬೆಳಗಿನ ಬಸ್ಸಿನ ಗಾಳಿಗೆಂದು ಒಂದು ಸ್ಕಾರ್ಫೂ ಇದೆ. ನಮ್ಮ ಮನೆಯವರ ಕೊರಳಲ್ಲಿ ಲಿಂಗದ ಕರಡಿಗೆ, ಅದರ ಮೇಲೆ ಟವೆಲು. ಇಷ್ಟೆಲ್ಲ ತುಂಬಿರುವ ಜಾಗದಲ್ಲೂ ಯಾರೋ ಬುದ್ಧಿವಂತರಿಗೆ ಒಂದಿಷ್ಟು ಖಾಲಿ ಕಂಡಿತು. ಅಲ್ಲಿಗೆ ಸ್ಪೀಕರು ತಂದು ಕೂರಿಸಿದರು.

ಈ ಕೊರಳ ಸ್ಪೀಕರನ್ನು ಕೊಳ್ಳಬಹುದೋ ಬೇಡವೋ ಎಂದು ನನ್ನನ್ನು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ನಾನಿರುವುದು ಸಿಂಧನೂರಿನಲ್ಲಿ, ಸಮಾಜ ವಿಜ್ಞಾನ ಕಲಿಸುವುದು ಮಸ್ಕಿಯ ಒಂದು ಹೈಸ್ಕೂಲಿನಲ್ಲಿ. ನಮ್ಮ ಸ್ಟಾಫ್ ರೂಮಿನಲ್ಲಿ ಮೊದಲು ಅದನ್ನು ಕೊಂಡವಳು ನಾನೇ ಆದ್ದರಿಂದ ತಜ್ಞೆಯ ಪಟ್ಟ ತಾನಾಗಿ ಬಂದಿದೆ. ಮಸ್ಕಿಯವರೇ ಆದ ಗಣಿತದ ಸುವರ್ಣಾ ಟೀಚರಂತೂ ವಾರಕ್ಕೊಮ್ಮೆ ಕೇಳುತ್ತಾರೆ. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಪ್ರಶ್ನೆ ಅದಲ್ಲ. ಅದಕ್ಕೆ ನಮ್ಮ ಅತ್ತೆಯಿಂದ ಶುರು ಮಾಡಬೇಕು.

ನಮ್ಮ ಅತ್ತೆ ಶಿವಮ್ಮನವರಿಗೆ ಕಿವಿ ಮಂದ. ಇದು ಓಣಿಗೆಲ್ಲ ಗೊತ್ತು, ಅವರಿಗೊಬ್ಬರಿಗೆ ಗೊತ್ತಿಲ್ಲ. ಒಮ್ಮೆ ಕಿವಿಯ ಮಷೀನು ತರೋಣವೇ ಎಂದು ನಮ್ಮ ಮನೆಯವರು ಬಾಯಿಬಿಟ್ಟು ಕೇಳಿದ್ದಕ್ಕೆ ಎರಡು ಹೊತ್ತು ಊಟ ಬಿಟ್ಟಿದ್ದರು. "ನನ್ನ ಕಿವಿ ಚಲೋ ಅದಾವ. ಈಗಿನ ಮಂದಿಗೆ ದನಿ ಇಲ್ಲ. ಕೆನಾಲ್ ನೀರು ಬಂದಾಗಿಂದ ಜ್ವಾಳ ಬಿಟ್ಟು ಅನ್ನ ತಿಂದು ತಿಂದು ಮೆತ್ತಗಾಗ್ಯಾರ" ಎಂಬುದು ಅವರ ಸಿದ್ಧಾಂತ. ಟಿ.ವಿ.ಯವರೂ ಅನ್ನ ತಿನ್ನುವವರೇ ಆದ್ದರಿಂದ ಅದರ ಸದ್ದನ್ನು ಕೊನೆಯ ಮೆಟ್ಟಿಲಿಗೆ ಏರಿಸಿ ಇಡುತ್ತಿದ್ದರು. ಸಂಜೆಯ ಧಾರಾವಾಹಿ ಶುರುವಾಯಿತೆಂದರೆ ನಮ್ಮ ಮನೆಯ ತಟ್ಟೆಗಳು ಸ್ಟ್ಯಾಂಡಿನಲ್ಲೇ ನಡುಗುತ್ತಿದ್ದವು. ನಮ್ಮ ಮನೆಯವರಿಗೆ ಗೊಬ್ಬರದ ಅಂಗಡಿಯಿದೆ. ಧಾರಾವಾಹಿ ಮುಗಿಯುವವರೆಗೂ ಅವರಿಗೆ ಅಲ್ಲಿ ಗಿರಾಕಿಗಳಿರುತ್ತಿದ್ದರು. ಸಿಕ್ಕಿಬೀಳುತ್ತಿದ್ದವಳು ನಾನು. ಧಾರಾವಾಹಿ ನೋಡುವವರನ್ನು ಕಂಡರೆ ಮೂಗು ಮುರಿಯುವ ಜಾತಿಯವಳು ನಾನು, ಅದನ್ನು ಸ್ಟಾಫ್ ರೂಮಿನಲ್ಲಿ ಆಗಾಗ ಹೇಳಿಕೊಂಡವಳು ಕೂಡ. ಆದರೆ ಕಿವಿಗೆ ಮೂಗಿನಂತೆ ಮುರಿಯಲು ಬರುವುದಿಲ್ಲ. ಒಂದು ಸಂಜೆ ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದಾಗ, 'ಇನ್ನಷ್ಟು ವಿವರಿಸು' ಎಂದು ಬರೆಯಬೇಕಾದ ಕಡೆ 'ನನ್ನ ಕಣ್ಣ ಮುಂದೆ ನಿಲ್ಲಬೇಡ' ಎಂದು ಕೆಂಪು ಶಾಯಿಯಲ್ಲಿ ಬರೆದುಬಿಟ್ಟಿದ್ದೆ. ಆ ಹುಡುಗಿ ಮರುದಿನದಿಂದ ಕೊನೆಯ ಬೆಂಚಿಗೆ ಹೋಗಿ ಕೂತಳು. ಇನ್ನು ತಡಮಾಡಬಾರದು ಎನ್ನಿಸಿತು.

ಅಂಗಡಿಯವರು ಸ್ಪೀಕರನ್ನು ತಮ್ಮ ಕೊರಳಿಗೇ ಹಾಕಿಕೊಂಡು ತೋರಿಸಿದರು. ಟಿ.ವಿ.ಯ ಹಿಂದೆ ಒಂದು ಸಣ್ಣ ಡಬ್ಬಿ ಸಿಕ್ಕಿಸಿದರೆ ಸಾಕು, ಟಿ.ವಿ. ಬಾಯಿ ಮುಚ್ಚುತ್ತದೆ, ಅದರ ಮಾತೆಲ್ಲ ಗಾಳಿಯಲ್ಲಿ ಬಂದು ಹಾಕಿಕೊಂಡವರ ಕಿವಿಯ ಬುಡದಲ್ಲಿ ಕೇಳುತ್ತದೆ, ಉಳಿದವರಿಗೆ ಬರೀ ಗುಸುಗುಸು ಎಂದರು. ಚಾರ್ಜನ್ನೂ ಅಂಗಡಿಯ ವೈರಿನಿಂದ ಅವರೇ ತುಂಬಿಕೊಟ್ಟರು. ಅತ್ತೆ ಒಪ್ಪುತ್ತಾರೋ ಇಲ್ಲವೋ ಎಂದು ನನಗೆ ಅನುಮಾನವಿತ್ತು. ಆದರೆ ಅದು ಕಿವಿಗೆ ಹಾಕುವುದಲ್ಲ, ಕೊರಳಿಗೆ ಹಾಕುವುದು. ಕೊರಳಿಗೆ ಹಾಕುವುದೆಲ್ಲ ಅವರ ಲೆಕ್ಕದಲ್ಲಿ ಒಡವೆ. ಕನ್ನಡಿ ಮುಂದೆ ನಿಂತು ಸೆರಗು ಸರಿಮಾಡಿಕೊಂಡು, ಇದನ್ನು ಇನ್ನು ಯಾರ್ಯಾರ ಮನೆಯಲ್ಲಿ ತಂದಿದ್ದಾರೆ ಎಂದು ವಿಚಾರಿಸಿದರು. ಓಣಿಯಲ್ಲಿ ಯಾರೂ ತಂದಿಲ್ಲ ಎಂದೆ. ಅಷ್ಟು ಸಾಕಾಯಿತು. ಚಾರ್ಜ್ ಮಾಡುವುದು ಹೇಗೆಂದು ಹೇಳಿಕೊಡಲು ಹೋದರೆ, ತಮಗೇನು ತಿಳಿಯುವುದಿಲ್ಲವೇ ಎಂದು ವೈರಿನ ಸಮೇತ ಪೆಟ್ಟಿಗೆಯನ್ನು ತಮ್ಮ ಟ್ರಂಕಿಗೆ ಸೇರಿಸಿದರು.

ಮೊದಲ ದಿನಗಳ ಸುಖವನ್ನು ಹೇಗೆ ಹೇಳಲಿ. ನಮ್ಮ ಮನೆಯಲ್ಲಿ ಗಡಿಯಾರಕ್ಕೆ ಸದ್ದಿದೆ ಎಂಬುದೇ ನನಗೆ ಆಗ ತಿಳಿದದ್ದು. ಒಂದೇ ತೊಂದರೆಯೆಂದರೆ, ಅತ್ತೆ ಹೋದಲ್ಲಿಗೆ ಧಾರಾವಾಹಿಯೂ ಹೋಗುತ್ತಿತ್ತು. ಸಾಲಗುಂದದಿಂದ ಪಲ್ಲೆ ತರುವ ಅಜ್ಜಿಯೊಬ್ಬಳು ಬಾಗಿಲಿಗೆ ಬಂದಳು. ಅತ್ತೆ ಮೆಂತ್ಯದ ಸೂಡು ಎತ್ತಿ ನೋಡುತ್ತಿದ್ದಾಗ ಅವರ ಕೊರಳಿನಿಂದ ಒಂದು ಗಂಡು ದನಿ, ಈ ಮನೆಯ ಹೊಸ್ತಿಲು ತುಳಿದರೆ ಕಾಲು ಮುರಿಯುತ್ತೇನೆ ಎಂದಿತು. ಅಜ್ಜಿ ಬುಟ್ಟಿ ಎತ್ತಿಕೊಂಡು ಹೋದವಳು, ನಾನು ಬೆನ್ನುಹತ್ತಿ ಹೋಗಿ ಕರೆತರುವವರೆಗೂ ತಿರುಗಿ ನೋಡಲಿಲ್ಲ.

ಓಣಿಯ ಗೊಂದಲ ಬೇರೆಯೇ ಇತ್ತು. ನಮ್ಮ ಪಕ್ಕದ ಮನೆಯ ಖಾಜಾಬಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ಸಂಜೆ ಎರಡೂ ಕೈ ಹಿಟ್ಟಿನಲ್ಲಿದ್ದರೂ ಅವಳ ಕಿವಿ ನಮ್ಮ ಟಿ.ವಿ.ಯಲ್ಲಿರುತ್ತಿತ್ತು ಎಂಬುದು ನನಗೆ ಗೊತ್ತೇ ಇರಲಿಲ್ಲ. ಅವಳೊಬ್ಬಳೇ ಅಲ್ಲ, ಓಣಿಯ ಅರ್ಧ ಹೆಂಗಸರು ನಮ್ಮ ಗೋಡೆಯ ಮೂಲಕವೇ ಆ ಧಾರಾವಾಹಿಯನ್ನು ವರ್ಷಗಟ್ಟಲೆ ಕೇಳಿಕೊಂಡು ಬಂದಿದ್ದರು. ಈಗ ಇದ್ದಕ್ಕಿದ್ದಂತೆ ನಮ್ಮ ಮನೆ ಮೌನವಾಯಿತು. ಮುದುಕಿಗೆ ಹುಷಾರಿಲ್ಲ ಎಂದು ಕೆಲವರು, ಸೊಸೆ ಟಿ.ವಿ. ಕಿತ್ತಿಟ್ಟಿದ್ದಾಳೆ ಎಂದು ಕೆಲವರು ಮಾತಾಡಿಕೊಂಡರಂತೆ. ಅತ್ತೆ ಸ್ಪೀಕರು ಹಾಕಿಕೊಂಡೇ ಮನೆ ಮುಂದಿನ ಕಟ್ಟೆಗೆ ಹೋಗಿ ಕೂತ ಮೇಲೆ ಮೂರನೆಯ ಸುದ್ದಿ ಹುಟ್ಟಿತು. ಅದನ್ನು ಖಾಜಾಬಿ ನನ್ನ ಮುಖಕ್ಕೇ ಹೇಳಿದಳು.

"ಟೀಚರ್, ಸಿಟ್ಟಾಗಬ್ಯಾಡ್ರಿ. ಎತ್ತಿಗೆ ಕಟ್ಟಿದಂಗ ಅತ್ತಿ ಕೊರಳಿಗೆ ಏನೋ ಕಟ್ಟ್ಯಾಳ ಅಂತ ಮಂದಿ ಅನ್ನಾಕತ್ತಾರ."

ಊರಿಗೆ ಬುದ್ಧಿ ಹೇಳುವ ಟೀಚರಿಗೆ ಬಂದ ಹೆಸರು ನೋಡಿ. ಆ ಸಂಜೆಯೇ ಡಬ್ಬಿ ಕಿತ್ತು ಟಿ.ವಿ.ಗೆ ಮತ್ತೆ ಬಾಯಿ ಬರಿಸಬೇಕೆಂದುಕೊಂಡೆ. ಅಷ್ಟರಲ್ಲಿ ಅತ್ತೆಯೇ ನನ್ನನ್ನು ಪಾರುಮಾಡಿದರು. ಬೆಳಿಗ್ಗೆ ಕಟ್ಟೆಯ ಮೇಲೆ ಹೆಂಗಸರು ಧಾರಾವಾಹಿಯಲ್ಲಿ ನಿನ್ನೆ ಏನಾಯಿತು ಎಂದು ಕೇಳಿದರು, ಅತ್ತೆ ಹೇಳಿದರು. ಮರುದಿನ ಮತ್ತೆ ಕೇಳಿದರು, ಮತ್ತೆ ಹೇಳಿದರು. ವಾರ ತುಂಬುವಷ್ಟರಲ್ಲಿ ಅದು ದಿನದ ಕಾರ್ಯಕ್ರಮವಾಯಿತು. ಖಾಜಾಬಿ ಹಿಟ್ಟಿನ ಪರಾತವನ್ನು ನಮ್ಮ ಕಟ್ಟೆಗೇ ತಂದು ನಾದತೊಡಗಿದಳು. ಯಾರೋ ಅವರೆಕಾಯಿ ಸುಲಿಯುತ್ತ, ಯಾರೋ ಮಗಳ ತಲೆ ಬಾಚುತ್ತ ಕೂರುತ್ತಿದ್ದರು. ಮೊದಲು ಇದೇ ಹೆಂಗಸರು ಅತ್ತೆಗೆ ಕೂಗಿ ಹೇಳುವ ಕಷ್ಟಕ್ಕೆ ಅಂಜಿ, ಬರೀ ನಕ್ಕು ಮುಂದೆ ಹೋಗುತ್ತಿದ್ದರು. ಈಗ ಅತ್ತೆ ಮಾತಾಡುತ್ತಿದ್ದರು, ಓಣಿ ಕೇಳುತ್ತಿತ್ತು. ಮಾತಾಡುವವರಿಗೆ ಕಿವಿ ಯಾಕೆ ಬೇಕು? ಅವರ ಮುಖದಲ್ಲಿ ಅಂಥ ಕಳೆಯನ್ನು ನಾನು ಮದುವೆಯಾಗಿ ಬಂದಾಗಿನಿಂದ ನೋಡಿರಲಿಲ್ಲ. ನೋಡಿ ನನಗೆ ಖುಷಿಯಾಯಿತು, ಜೊತೆಗೆ ಒಂದಿಷ್ಟು ನಾಚಿಕೆಯೂ.

ಕಥೆಯಂತೂ ದಿನದಿಂದ ದಿನಕ್ಕೆ ಚೆನ್ನಾಗುತ್ತಿತ್ತು. ಮೊದಲೆಲ್ಲ ಅದರಲ್ಲಿ ಒಂದು ದೊಡ್ಡ ಬಂಗಲೆ, ರೇಷ್ಮೆ ಸೀರೆಯಲ್ಲೇ ಮಲಗಿ ರೇಷ್ಮೆ ಸೀರೆಯಲ್ಲೇ ಏಳುವ ಸೊಸೆ, ಅವಳ ಮೇಲೆ ಹಲ್ಲು ಮಸೆಯುವ ಒಬ್ಬ ಚಿಕ್ಕಮ್ಮ ಇಷ್ಟೇ ಇದ್ದದ್ದು. ಈಗ ಸೊಸೆಗೆ ಬುದ್ಧಿ ಬಂದಿತ್ತು. ಅಳುವುದು ಬಿಟ್ಟು ಸೆರಗು ಕಟ್ಟಿ, ಕಾಲುವೆಯ ಕೊನೆಯ ಹೊಲಗಳಿಗೆ ನೀರು ಬರುತ್ತಿಲ್ಲವೆಂದು ಗೇಟಿನ ಹತ್ತಿರ ಹೋಗಿ ಜಗಳ ತೆಗೆದಳು. ನಾಟಿಯ ಹೆಣ್ಣಾಳುಗಳಿಗೆ ಮಧ್ಯಾಹ್ನದ ಚಹಾ ಕೊಡದ ಚಿಕ್ಕಮ್ಮನಿಗೆ ಎಲ್ಲರೆದುರು ಛೀಮಾರಿ ಹಾಕಿದಳು. ಬೆಂಗಳೂರಿನ ಬಂಗಲೆಗೆ ನಮ್ಮ ಕಡೆಯ ಎಡದಂಡೆ ಕಾಲುವೆಯ ನೀರು ಹೇಗೆ ಬಂತು ಎಂದು ನಾನು ಸಂಶಯ ಪಡಬೇಕಿತ್ತು. ಪಡಲಿಲ್ಲ. ಈ ಬರೆಯುವವರು ಕೊನೆಗೂ ನಮ್ಮ ಕಡೆ ತಿರುಗಿ ನೋಡಿದರಲ್ಲ ಎಂದು ಸಂತೋಷಪಟ್ಟೆ. ಜಡೆ ಹಾಕಿಕೊಳ್ಳುವ ನೆಪದಲ್ಲಿ ಬಾಗಿಲ ಬಳಿ ನಿಂತು ಕೇಳುತ್ತ, ಮಸ್ಕಿಯ ಬಸ್ಸು ತಪ್ಪಿಸಿಕೊಂಡದ್ದೂ ಉಂಟು. ಒಂದು ಬೆಳಿಗ್ಗೆ ಅತ್ತೆ ಚಿಕ್ಕಮ್ಮನನ್ನು ವಾಂತಿಭೇದಿಯಲ್ಲಿ ಸಾಯಿಸಿಬಿಟ್ಟರು. ಅಷ್ಟು ವರ್ಷ ಮೆರೆದವಳು ಒಂದೇ ಮಧ್ಯಾಹ್ನದಲ್ಲಿ ಹೋದಳು. ಖಾಜಾಬಿಗೆ ಎಷ್ಟು ಸಮಾಧಾನವಾಯಿತೆಂದರೆ ನಮ್ಮ ಮನೆಗೆ ಬಿಸಿ ರೊಟ್ಟಿ, ಪುಂಡಿಪಲ್ಲೆ ಕಳಿಸಿದಳು.

ಆ ವಾರವೇ ಅತ್ತೆಯ ಟ್ರಂಕಿಗೆ ನುಸಿಗುಳಿಗೆ ಹಾಕಲು ಹೋದವಳಿಗೆ ಸ್ಪೀಕರಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಚಾರ್ಜಿನ ವೈರು ಕಂಪನಿಯವರು ಕಟ್ಟಿದ ಕಟ್ಟು ಬಿಚ್ಚದೆ ಹಾಗೇ ಮಲಗಿತ್ತು. ಅಂಗಡಿಯವರು ತುಂಬಿಕೊಟ್ಟ ಚಾರ್ಜು ಎಂದೋ ಮುಗಿದಿತ್ತು. ಅತ್ತೆ ಇಷ್ಟು ದಿನ ಸತ್ತ ಸ್ಪೀಕರನ್ನು ಕೊರಳಿಗೆ ಹಾಕಿಕೊಂಡು, ಬಾಯಿ ಮುಚ್ಚಿದ ಟಿ.ವಿ.ಯ ಮುಂದೆ ಕೂತು, ಬರೀ ಚಿತ್ರ ನೋಡಿ ಕಥೆ ಕಟ್ಟುತ್ತಿದ್ದರು. ಕೇಳಿಸುತ್ತಿಲ್ಲ ಎಂದು ನನಗೆ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಒಂದು ಮಾತನ್ನು ಹೇಳಬಾರದೆಂದೇ ಅಲ್ಲವೇ ಅವರು ಊಟ ಬಿಟ್ಟದ್ದು? ನಾನು ಟ್ರಂಕಿನ ಮುಂದೆ ಕೂತು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ನಕ್ಕು ಮುಗಿದ ಮೇಲೆ ಅವರ ಮೇಲೆ ಹೇಳತೀರದಷ್ಟು ಪ್ರೀತಿ ಬಂತು. ಪೆಟ್ಟಿಗೆಯನ್ನು ಇದ್ದಲ್ಲೇ ಇಟ್ಟೆ.

ಭಾನುವಾರ ಖಾಜಾಬಿಯ ಮಗಳು ಫರ್ಜಾನಾ ಬಂದಳು. ಅವಳನ್ನು ಲಿಂಗಸುಗೂರಿಗೆ ಕೊಟ್ಟಿದ್ದಾರೆ. ಕಟ್ಟೆಯ ಮೇಲೆ ಅತ್ತೆ ಚಿಕ್ಕಮ್ಮನ ತಿಥಿಯ ಊಟದ ವರ್ಣನೆಯಲ್ಲಿದ್ದಾಗ ಅವಳು ಕಕ್ಕಾಬಿಕ್ಕಿಯಾಗಿ ತಾಯಿಯ ಮುಖ ನೋಡಿದಳು.

"ಅಕಿ ಎಲ್ಲಿ ಸತ್ತಾಳಮ್ಮಾ? ನಿನ್ನಿ ಸಂಜಿಕ ಸೈತ ಹೊಸ ಸೀರಿ ಉಟ್ಗೊಂಡು ನಿಂತಿದ್ದಳು. ನಾ ಕಣ್ಣಾರೆ ನೋಡೀನಿ."

ಅವರೆಕಾಯಿ ಸುಲಿಯುವ ಕೈಗಳು ನಿಂತವು. ಖಾಜಾಬಿ ಹಿಟ್ಟಿನಿಂದ ಕೈ ತೆಗೆದಳು. ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅತ್ತೆಗೆ ಮಾತು ಕೇಳಿಸಿತೋ ಇಲ್ಲವೋ, ಮುಖಗಳು ಮಾತ್ರ ತಿಳಿದವು. ಎದೆಯ ಮೇಲಿನ ಸ್ಪೀಕರಿನ ತುದಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬಾಗಿಲಲ್ಲಿ ನಿಂತ ನನಗೆ ಅದು ಕಂಡಿತು. ಇನ್ನೊಂದು ಗಳಿಗೆ ಕಳೆದರೆ ಇವರಿಗೆ ಕಿವಿ ಕೇಳುವುದಿಲ್ಲ ಎಂಬ ಮಾತು ಯಾರದಾದರೂ ಬಾಯಿಂದ ಬೀಳುತ್ತಿತ್ತು. ಆಮೇಲೆ ಆ ಕಟ್ಟೆಗೆ ಅವರು ಮತ್ತೆ ಬರುತ್ತಿರಲಿಲ್ಲ.

"ನಿಮ್ಮ ಲಿಂಗಸುಗೂರಾಗ ಹಂಗ ತೋರಿಸ್ಯಾರೇನು?" ಎಂದರು ಅತ್ತೆ. "ನಮ್ಮ ಸಿಂಧನೂರಾಗ ಸತ್ತಾಳ. ಬೇಕಾದ್ರ ನನ್ನ ಸೊಸಿನ್ನ ಕೇಳ್ರಿ. ಅಕಿ ಸುಳ್ಳು ಹೇಳಂಗಿಲ್ಲ."

ತರಗತಿಯಲ್ಲಿ ಸತ್ಯದ ಬಗ್ಗೆ ಗಂಟೆಗಟ್ಟಲೆ ಮಾತಾಡುವವಳು ನಾನು. ಓಣಿಯಲ್ಲಿ ಯಾವ ಜಗಳವಾದರೂ ಸಾಕ್ಷಿಗೆ ನನ್ನನ್ನೇ ಕರೆಯುತ್ತಾರೆ. ನಾನು ಗಂಟಲು ಸರಿಮಾಡಿಕೊಂಡು, ಪಾಠ ಹೇಳುವ ದನಿಯಲ್ಲೇ ಹೇಳಿದೆ.

"ಸತ್ತಾಳ. ನಾನೂ ನೋಡೀನಿ. ಮಣ್ಣಿಗೆ ಮಂದಿನೂ ಭಾಳ ಬಂದಿದ್ರು."

ಆ ಕೊನೆಯ ಮಾತು ಬೇಕಿರಲಿಲ್ಲ. ಅಭ್ಯಾಸವಿಲ್ಲದವರು ಸುಳ್ಳು ಹೇಳಿದರೆ ಹೀಗೆಯೇ ಒಂದು ಹಿಡಿ ಹೆಚ್ಚು ಬೀಳುತ್ತದೆ. ಫರ್ಜಾನಾ ಚುರುಕು ಹೆಣ್ಣು. ನನ್ನ ಮುಖ ನೋಡಿದಳು, ಗುರುತಿನ ದೀಪ ಹತ್ತದ ಸ್ಪೀಕರು ನೋಡಿದಳು, ಅದನ್ನು ಬಿಗಿಯಾಗಿ ಹಿಡಿದ ಅತ್ತೆಯ ಬೆರಳುಗಳನ್ನೂ ನೋಡಿದಳು. ಹಾಗಾದರೆ ನಮ್ಮೂರಿನಲ್ಲಿ ಇನ್ನೂ ತೋರಿಸಿಲ್ಲ ಬಿಡಿ ಎಂದು ಅತ್ತೆಯ ಪಕ್ಕಕ್ಕೇ ಸರಿದು ಕೂತಳು, ತಿಥಿಗೆ ಏನೇನು ಅಡಿಗೆ ಮಾಡಿದ್ದರು ಎಂದು ಕಿವಿಯ ಹತ್ತಿರ ಬಾಗಿ ಕೇಳಿದಳು. ಈಗ ಅವಳು ಲಿಂಗಸುಗೂರಿನಿಂದ ದಿನಾ ಬೆಳಿಗ್ಗೆ ತಾಯಿಗೆ ಫೋನ್ ಮಾಡುತ್ತಾಳೆ. ಖಾಜಾಬಿ ಫೋನನ್ನು ಕಟ್ಟೆಯ ಮೇಲೆ ಅತ್ತೆಯ ಮುಂದಿಟ್ಟು ಹಿಟ್ಟು ನಾದುತ್ತಾಳೆ.

ಆದರೂ ನನ್ನ ಮನಸ್ಸು ತಡೆಯಲಿಲ್ಲ. ಅತ್ತೆಗೆ ಧಾರಾವಾಹಿಯ ಮಾತು ನಿಜವಾಗಿಯೂ ಕೇಳಲಿ ಎಂದು, ಅವರು ಮಲಗಿದ್ದಾಗ ಸ್ಪೀಕರಿಗೆ ಚಾರ್ಜ್ ತುಂಬಿಸಿ ಇದ್ದ ಗೂಟಕ್ಕೆ ಹಾಕಿದೆ. ಮರುದಿನ ಸಂಜೆ ಕೊರಳಿಗೆ ಹಾಕಿಕೊಂಡು ಗುಂಡಿ ಒತ್ತಿದವರು ಬೆಚ್ಚಿಬಿದ್ದರು. ಸುಮ್ಮನೆ ಕೂತು ಕೇಳಿದರು. ಹಣೆ ಗಂಟಿಕ್ಕುತ್ತ ಹೋಯಿತು. ಅರ್ಧಕ್ಕೇ ಎದ್ದು ನಾನು ಪತ್ರಿಕೆ ತಿದ್ದುವ ಮೇಜಿನ ಹತ್ತಿರ ಬಂದು, ಸ್ಪೀಕರಿನ ಗುಂಡಿಯನ್ನು ಹುಡುಕಿ ತಾವೇ ಬಂದ್ ಮಾಡಿದರು.

"ಅದರಾಗ ಏನೂ ಇಲ್ಲವಾ. ಬರೇ ಅಳತಾರ. ಇನ್ನ ಇದಕ್ಕ ಕರೆಂಟ್ ಹಾಕಬ್ಯಾಡ."

ಹೇಳಿ ನನ್ನ ಕಣ್ಣನ್ನೇ ನೋಡಿದರು. ನನಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತಾಗಿತ್ತು. ಇಬ್ಬರೂ ಅದರ ಬಗ್ಗೆ ಮತ್ತೆ ಮಾತೆತ್ತಿಲ್ಲ. ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಅತ್ತೆಯ ಕಥೆಯ ಸೊಸೆ ಭತ್ತದ ಮಿಲ್ಲಿನ ಯಜಮಾನನಿಗೆ ತೂಕದಲ್ಲಿ ಮೋಸ ಮಾಡಬೇಡವೆಂದು ಎಚ್ಚರಿಕೆ ಕೊಟ್ಟಳು. ಓಣಿ ತಲೆದೂಗಿತು.

ನಿನ್ನೆ ಸ್ಟಾಫ್ ರೂಮಿನಲ್ಲಿ ಸುವರ್ಣಾ ಟೀಚರು ಮತ್ತೆ ಕೇಳಿದರು. ಧಾರಾಳವಾಗಿ ಕೊಳ್ಳಿ, ಕೊರಳಿಗೂ ಹಗುರ, ಮನೆಯಲ್ಲಿ ಶಾಂತಿ, ಆದರೆ ಚಾರ್ಜ್ ಮಾತ್ರ ಮಾಡಬೇಡಿ ಎಂದೆ. ಅವರು ಇದು ತಮಾಷೆಯೆಂದು ನಕ್ಕು, ಟಿಫಿನ್ ಡಬ್ಬಿ ಬಿಚ್ಚುತ್ತ ಹಿಂದಿನ ಸಂಜೆಯ ಧಾರಾವಾಹಿಗೆ ಬಂದರು. ಆ ಚಿಕ್ಕಮ್ಮ ಸೊಸೆಯ ಪಾಯಸಕ್ಕೆ ಏನೋ ಬೆರೆಸಿದಳಂತೆ, ಅದನ್ನು ನೋಡಿ ಇವರಿಗೆ ರಾತ್ರಿ ಊಟವೇ ಸೇರಲಿಲ್ಲವಂತೆ. ಧಾರಾವಾಹಿಯ ಮಾತು ಬಂದರೆ ಪುಸ್ತಕದಿಂದ ತಲೆ ಎತ್ತದವಳು ನಾನು. ನಿನ್ನೆ ಎತ್ತಿದೆ. ಸುಮ್ಮನಿರಲು ನನ್ನಿಂದ ಆಗಲೇ ಇಲ್ಲ.

"ನಿಮ್ಮ ಮಸ್ಕ್ಯಾಗ ಹಂಗ ತೋರಿಸ್ಯಾರೇನ್ರಿ?" ಎಂದೆ. "ನಮ್ಮ ಕಡೆ ಅಕಿ ಸತ್ತು ಭಾಳ ದಿವಸ ಆತು."