ನಾನು ಪತ್ತೆ ಹಚ್ಚಿದ ಡೈನೋಸಾರ್

ನಾಲಿಗೆ ಹಿಡಿತದಲ್ಲಿರಬೇಕು ಎಂದು ದೊಡ್ಡವರು ಹೇಳುವುದು ಮಾತಿನ ವಿಚಾರಕ್ಕೆ. ಆ ಮಟ್ಟಿಗೆ ನನ್ನ ನಾಲಿಗೆ ಸಾಧು. ಮದುವೆಯಾದ ಮೇಲಂತೂ ಪರಮ ಸಾಧು. ಅದರ ದುರಭ್ಯಾಸ ಬೇರೆ. ಅದು ಕಲ್ಲು ನೆಕ್ಕುತ್ತದೆ. ಹಳೆಯ ಮೂಳೆಯಲ್ಲಿ ಸಣ್ಣ ಸಣ್ಣ ತೂತುಗಳಿರುವುದರಿಂದ ಅದು ನಾಲಿಗೆಗೆ ಅಂಟಿಕೊಳ್ಳುತ್ತದೆ, ಬರೀ ಕಲ್ಲಾದರೆ ಅಂಟುವುದಿಲ್ಲ, ಡೈನೋಸಾರ್ ಮೂಳೆ ಹುಡುಕುವವರು ಹೀಗೂ ಪರೀಕ್ಷೆ ಮಾಡುತ್ತಾರೆ ಎಂದು ಎಲ್ಲೋ ಓದಿದ್ದೇ ಇದಕ್ಕೆಲ್ಲ ಮೂಲ. ಚಿಕ್ಕಂದಿನಿಂದಲೂ ನನಗೆ ಡೈನೋಸಾರ್ ಹುಚ್ಚು. ಬೆಂಗಳೂರಿನ ಅಂಚಿನ ಮಾದನಾಯಕನಹಳ್ಳಿಗೆ ಬಾಡಿಗೆಗೆ ಬಂದಮೇಲೆ ಅದು ಇನ್ನೂ ಕೆರಳಿತು, ಏಕೆಂದರೆ ಇಲ್ಲಿ ಯಾರಾದರೊಬ್ಬರು ಗೋಡೌನಿಗೆ ಪಾಯ ತೋಡುತ್ತಲೇ ಇರುತ್ತಾರೆ. ವಾಕಿಂಗ್ ಹೋದವನು ಜೇಬು ತುಂಬ ಕಲ್ಲು ತರುತ್ತೇನೆ. ನನ್ನ ಪ್ಯಾಂಟು ಒಗೆಯಲು ಹಾಕುವ ಮೊದಲು ಹೆಂಡತಿ ಸುಮಿತ್ರಾ ವಾಷಿಂಗ್ ಮೆಷಿನ್ನಿಗೆ ಕೈಮುಗಿಯುತ್ತಾಳೆ.

ಪೀಣ್ಯದ ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಷನ್ ವಿಭಾಗದವನು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಪೀಸನ್ನು ರಿಜೆಕ್ಟ್ ಮಾಡುವವನೆಂದು ಹೆಸರು. ಬೆಂಗಳೂರಿನ ಬಂಡೆ ಡೈನೋಸಾರಿಗಿಂತ ಎಷ್ಟೋ ಹಳೆಯದು, ಇಲ್ಲಿ ಅದರ ಮೂಳೆ ಸಿಗುವ ಮಾತೇ ಇಲ್ಲ ಎನ್ನುವುದನ್ನೂ ಓದಿದ್ದೆ. ಆದರೆ ಒಂದು ಭಾನುವಾರ ಮನೆ ಹಿಂದಿನ ಪಾಯದ ಮಣ್ಣಿನಲ್ಲಿ ಸಿಕ್ಕ ಮೊಳದುದ್ದದ ತುಂಡೊಂದು ನಾಲಿಗೆಗೆ ಅಂಟಿ ಬಿಡಲೊಲ್ಲದೆ ಹೋದಾಗ ಆ ಓದೆಲ್ಲ ಮರೆತೇ ಹೋಯಿತು. ಓಡಿಬಂದು ವರ್ನಿಯರ್ ಹಿಡಿದು ಅಳೆದೆ. "ಡೈನೋಸಾರ್ ಕಣೇ! ಮರಿ ಇರ್ಬೇಕು" ಎಂದೆ. "ಅದನ್ನೂ ನೆಕ್ಕಿದ್ರಾ? ಆ ಬಾಯಲ್ಲಿ ನನ್ನ ಕಾಫಿ ಲೋಟ ಮುಟ್ಟಿದ್ರೆ ನೋಡಿ" ಎಂದಳು ಸುಮಿತ್ರಾ.

ಅಷ್ಟರಲ್ಲಿ ನೀರಿನ ಮೋಟರ್ ಆರಿಸಲು ಮನೆ ಮಾಲೀಕರಾದ ಜಯಮ್ಮನವರು ಬಂದರು. ಈ ಸುತ್ತಿನ ಹೊಲವೆಲ್ಲ ಒಂದು ಕಾಲಕ್ಕೆ ಅವರದೇ. ನಾನು ಉಬ್ಬಿ ಅವರಿಗೂ ಮೂಳೆ ತೋರಿಸಿದೆ.

"ಎಲ್ ಸಿಕ್ತು ಸಾ ಇದು?"

"ಹಿಂದಿನ ಪಾಯದಲ್ಲಿ, ಹೊಂಗೆ ಮರ ಇತ್ತಲ್ಲ, ಅದರ ಬುಡದಲ್ಲಿ."

ಜಯಮ್ಮ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಮೂಳೆಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. "ಇದು ನಮ್ ಕೆಂಚ ಕಣ್ ಸಾ. ನಮ್ ಎತ್ತು. ಸತ್ತಾಗ ಕಟುಕ್ರಿಗೆ ಕೊಡ್ನಿಲ್ಲ. ಅರಿಸ್ನ ಕುಂಕ್ಮ ಇಟ್ಟು, ಊವಿನ ಆರ ಆಕಿ, ಉಪ್ ಸುರ್ದು ನಮ್ ಯಜಮಾನ್ರೇ ಆ ಮರದ್ ಬುಡ್ದಲ್ಲಿ ಮಣ್ ಮಾಡಿದ್ರು. ಅವತ್ತು ಅವ್ರು ಉಣ್ನಿಲ್ಲ. ಈಗ ಅವ್ರೂ ಇಲ್ಲ."

ಡೈನೋಸಾರ್ ಹೋಯಿತಲ್ಲ ಎಂದು ಒಂದು ಗಳಿಗೆ ನನಗೆ ನಿಜಕ್ಕೂ ಸಂಕಟವಾಯಿತು. ಆಮೇಲೆ ಅವರ ಮುಖ ನೋಡಿ ನಾಚಿಕೆಯಾಯಿತು. ಉಳಿದ ಮೂಳೆಗಳನ್ನು ನಾಳೆ ಜೆಸಿಬಿ ಎಲ್ಲಿಗೆ ಒಯ್ದು ಸುರಿಯುತ್ತದೋ ಎಂಬುದೇ ಅವರ ಚಿಂತೆ. ಮೂವರೂ ಚೀಲ ಹಿಡಿದು ಹೊರಟೆವು. ಆದರೆ ಕೆಂಪು ಮಣ್ಣು ಮೆತ್ತಿದ ಮೇಲೆ ಕಲ್ಲು ಯಾವುದು, ಮೂಳೆ ಯಾವುದು? ಜಯಮ್ಮ ಒಂದು ಚೂರು ಎತ್ತಿ ತಿರುಗಿಸಿ ನೋಡಿದರು, ಗೊತ್ತಾಗಲಿಲ್ಲ. ಸುಮಿತ್ರಾ ಅದನ್ನು ಇಸಿದುಕೊಂಡು ಬಾಟಲಿ ನೀರಲ್ಲಿ ತೊಳೆದು, ಸೆರಗಿನಲ್ಲಿ ಒರೆಸಿ, ನನ್ನ ಮುಂದೆ ಹಿಡಿದಳು. "ನೋಡ್ರೀ ಇದನ್ನ" ಎಂದಳು. ನನ್ನ ನಾಲಿಗೆಗೆ ಅಷ್ಟು ಮರ್ಯಾದೆ ನಮ್ಮ ಮನೆಯಲ್ಲಿ ಹಿಂದೆಂದೂ ಸಿಕ್ಕಿರಲಿಲ್ಲ.

ಸಂಜೆಯ ಹೊತ್ತಿಗೆ ಚೀಲ ತುಂಬಿತು. ಹೂಳಲು ಜಾಗವೆಲ್ಲಿ? ಸುತ್ತ ಎಲ್ಲ ಸಿಮೆಂಟು. ಕೊನೆಗೆ ಮನೆ ಮುಂದಿನ ಕರಿಬೇವಿನ ಗಿಡದ ಪಾತಿಯಲ್ಲೇ ಗುಂಡಿ ತೋಡಿ, ಉಪ್ಪು ಸುರಿದು, ಅರಿಶಿನ ಕುಂಕುಮ ಇಟ್ಟು ಮಣ್ಣು ಮುಚ್ಚಿದೆವು. "ಪೂಜೆ ಮಾಡಿದ ಎತ್ತನ್ನ ನೆಕ್ಬಿಟ್ನಲ್ಲಮ್ಮ, ತಪ್ಪು ತಿಳ್ಕೋಬೇಡಿ" ಎಂದೆ.

"ಅಯ್ ಬಿಡಿ ಸಾ" ಎಂದು ಜಯಮ್ಮ ಕಣ್ಣೊರೆಸಿಕೊಂಡು ನಕ್ಕರು. "ಮೈ ತೊಳ್ಯಕ್ ಓದಾಗೆಲ್ಲ ನಮ್ಮೋರ ಬೆನ್ನು ನೆಕ್ಕೋನು ಅವ್ನು. ಇವತ್ತು ಅವ್ನುನ್ನ ನೆಕ್ಕೋಕೂ ಒಬ್ರು ಸಿಕ್ರು."

ಕಲ್ಲು ಹೆಕ್ಕುವುದನ್ನು ನಾನಿನ್ನೂ ಬಿಟ್ಟಿಲ್ಲ. ಆದರೆ ನಾಲಿಗೆಗೆ ಮುಟ್ಟಿಸುವ ಮೊದಲು ಜಯಮ್ಮನವರ ಬಾಗಿಲಿಗೆ ಹೋಗಿ ತೋರಿಸುತ್ತೇನೆ: "ಇವರೇನಾದ್ರೂ ನಿಮ್ಮವರೇನಮ್ಮ?"