ಗುಡ್ಡಕ್ಕೆ ಹೊರಟವರನ್ನು ಎಲ್ಲಿಗೆ ಎನ್ನಬಾರದು

ಆ ದಿನ ಬೆಳಿಗ್ಗೆಯೂ ಹಾಲು ಉಕ್ಕಿತು. ನಮ್ಮ ಮನೆಯ ಹಾಲಿಗೊಂದು ಗುಣವಿದೆ. ನಾನು ಎದುರು ನಿಂತು ಕಾಯುವಷ್ಟು ಹೊತ್ತು ಸಾಧುವಿನಂತೆ ಇದ್ದು, ಕಿಟಕಿಯ ಕಡೆ ತಿರುಗಿದ ಕೂಡಲೇ ಒಲೆ ತುಂಬ ಹರಿಯುತ್ತದೆ. ಒಲೆ ಒರೆಸಿದೆ, ಡಿಕಾಕ್ಷನ್ ಇಳಿಸಿದೆ, ಅಕ್ಕಿರೊಟ್ಟಿ ತಟ್ಟಿದೆ. ನನ್ನ ಎಚ್ಚರಿಕೆಗಳೆಲ್ಲ ಹೀಗೆಯೇ ಇರಬೇಕು ಎಂದು ಈಗ ಅನ್ನಿಸುತ್ತದೆ. ನಾನು ಕಣ್ಣಿಟ್ಟ ಕಡೆ ಯಾವತ್ತೂ ಏನೂ ಆಗಿಲ್ಲ.

ಆಲ್ದೂರಿನ ಪೇಟೆಯಲ್ಲಿ ನಮ್ಮನೆಯವರಿಗೆ ಕೊಡೆ, ರೈನ್‌ಕೋಟು, ಪ್ಲಾಸ್ಟಿಕ್ ಹಗ್ಗದ ಅಂಗಡಿ. ಪ್ರತಿ ವರ್ಷ ಮಳೆ ಹಿಂದೆ ಸರಿದ ಮೇಲೆ ಒಂದು ದಿನ ಅಂಗಡಿ ಮುಚ್ಚಿ, ಗೆಳೆಯ ಸೋಮಣ್ಣನ ಜೊತೆ ಯಾವುದಾದರೊಂದು ಗುಡ್ಡ ಹತ್ತಿ ಬರುವುದು ಅವರ ಪದ್ಧತಿ. ಸೋಮಣ್ಣ ಈ ಬೇಸಿಗೆಯಲ್ಲಿ ತೀರಿಕೊಂಡರು. ಅಷ್ಟೊಂದು ಗುಡ್ಡ ಹತ್ತಿ ಇಳಿದ ಮನುಷ್ಯ, ಮಂಚದ ಮೇಲೆ ಮಲಗಿದ್ದವರು ಏಳಲಿಲ್ಲ. ಹಾಗಾಗಿ ಈ ವರ್ಷ ನಮ್ಮನೆಯವರ ಗುಡ್ಡದ ಬ್ಯಾಗು ಅಟ್ಟದ ಮೇಲೆಯೇ ಇರುತ್ತದೆ ಎಂದುಕೊಂಡಿದ್ದೆ. ಹಿಂದಿನ ಸಂಜೆ ಅವರು ಸ್ಟೂಲು ಹಾಕಿಕೊಂಡು ಅದನ್ನು ಇಳಿಸಿದರು. "ಒಬ್ರೇನಾ?" ಎಂದೆ. "ಮತ್ತೆ ಅವನು ಬರ್ತಾನಾ?" ಎಂದರು. ಅಲ್ಲಿಗೆ ಮಾತು ಮುಗಿಯಿತು.

ಸಕ್ಕರೆ ಕಾಯಿಲೆಯ ಮನುಷ್ಯ, ಒಂಟಿ ಬೇರೆ. ಬೇಡ ಎಂದರೆ ಕೇಳುವವರಲ್ಲ. ಆದ್ದರಿಂದ ನಾನು ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ, ಚೀಲ ತುಂಬಿದೆ. ಈ ವಿಷಯದಲ್ಲಿ ನನಗೆ ಒಳ್ಳೆಯ ತರಬೇತಿಯಾಗಿದೆ. ಕಾನ್ವೆಂಟಿನಲ್ಲಿದ್ದಾಗ ನಮ್ಮ ಹೆಡ್ ಸಿಸ್ಟರ್ ಬಾಬಾಬುಡನ್‌ಗಿರಿಗೆ ಕರೆದುಕೊಂಡು ಹೋಗುವ ಮುಂಚೆ ಒಂದು ವಾರ ಪಾಠ ಮಾಡಿದ್ದರು: ಕೊರಳಲ್ಲಿ ಸೀಟಿ ಇರಲಿ, ಕಾಡಿನಲ್ಲಿ ಕೂಗಾಡಬೇಡಿ, ತಿಂಡಿಯ ಪ್ಲಾಸ್ಟಿಕ್ಕನ್ನು ವಾಪಸ್ಸು ತನ್ನಿ, ಎಲ್ಲರಿಗಿಂತ ನಿಧಾನ ನಡೆಯುವವಳನ್ನು ಮುಂದೆ ಬಿಡಿ. ಆ ನಿಧಾನದವಳು ನಾನೇ ಆಗಿದ್ದರಿಂದ ಚೆನ್ನಾಗಿ ನೆನಪಿದೆ. ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳಕ್ಕೆ ಉಪ್ಪು ಬೆರೆಸಿದ ಹೊಗೆಸೊಪ್ಪಿನ ಪುಡಿ ಕಟ್ಟಿದೆ. ಸಕ್ಕರೆ ಇಳಿದರೆ ಎಂದು ಬೆಲ್ಲ, ಏರಿದರೆ ಎಂದು ಮಾತ್ರೆ. ಟಾರ್ಚು, ಬ್ಯಾಂಡೇಜು, ಒಣ ಕಾಲುಚೀಲ, ಸೀಟಿ. ಒದ್ದೆಯಾಗಬಾರದೆಂದು ಒಂದೊಂದನ್ನೂ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಗಂಟು ಹಾಕಿ, ಎಲ್ಲವನ್ನೂ ಇನ್ನೊಂದು ಕವರಿನಲ್ಲಿಟ್ಟು ಮತ್ತೆ ಗಂಟು ಹಾಕಿದೆ.

ಒಂದು ಪ್ರಶ್ನೆ ಮಾತ್ರ ಕೇಳಲಿಲ್ಲ. ನಮ್ಮ ಮನೆಯಲ್ಲಿ ಹೊರಟವರನ್ನು "ಎಲ್ಲಿಗೆ" ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಬೇಕಿದ್ದರೆ "ದೂರ ಹೊರಟ್ರಾ?" ಎನ್ನಬಹುದು, ಅವರು "ಹೂಂ" ಎನ್ನಬಹುದು. ಹಿಂದಿನ ಸಂಜೆಯೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ನಮ್ಮ ಅತ್ತೆಯವರು ಆ ನಿಯಮವನ್ನು ಹಿಗ್ಗಿಸಿ ಹಿಗ್ಗಿಸಿ, ಬ್ಯಾಗು ಕಣ್ಣಿಗೆ ಬಿದ್ದ ಕ್ಷಣದಿಂದಲೇ ಜಾರಿಗೆ ತಂದಿದ್ದರು. ಅವರು ಹೋದ ಮೇಲೂ ನಾನು ಅದನ್ನು ಸಡಿಲಿಸಿರಲಿಲ್ಲ. ಸೋಮಣ್ಣ ಜೊತೆಗಿದ್ದಷ್ಟು ಕಾಲ ಅದರಿಂದ ತೊಂದರೆಯೂ ಆಗಿರಲಿಲ್ಲ.

ಎದುರು ಮನೆಯ ವಿನೋದಕ್ಕನಿಗೆ ಈ ನಿಯಮ ಅನ್ವಯಿಸುವುದಿಲ್ಲ. ಇವರು ಗೇಟು ದಾಟುತ್ತಿದ್ದಂತೆ ಜಗುಲಿಯಿಂದಲೇ ಕೂಗಿದರು: "ಎಲ್ಲಿಗೆ ಶಿವಣ್ಣ, ಬ್ಯಾಗೆಲ್ಲ ಹೊತ್ಕೊಂಡು?" ಇವರು ಪದ್ಧತಿಯಂತೆ ಮಾತಾಡದೆ ಒಳಗೆ ಬಂದು, ಎರಡು ನಿಮಿಷ ಕುಳಿತು, ನೀರು ಕುಡಿದು, ಮತ್ತೆ ಹೊರಟರು. ನಾನು ಬೀದಿ ಕಡೆಯ ಕಿಟಕಿಯನ್ನು ದಢಾರನೆ ಹಾಕಿದೆ. ಕಾನ್ವೆಂಟಿನಲ್ಲಿ ಓದಿದವರ ಬೈಗುಳ ಅಷ್ಟೇ, ಅದಕ್ಕಿಂತ ಮೇಲಿನದು ನಮಗೆ ಕಲಿಸಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಂಜು ಇಳಿಯಿತು. ಮೊದಲು ಗುಡ್ಡಗಳು ಹೋದವು, ಆಮೇಲೆ ಎಸ್ಟೇಟಿನ ಸಿಲ್ವರ್ ಮರಗಳು, ಆಮೇಲೆ ನಮ್ಮದೇ ಗೇಟು. ಫೋನು ಮಾಡಿದರೆ ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದು ಆ ಹೆಂಗಸು ಹೇಳುತ್ತಲೇ ಇದ್ದಳು. ಅವಳಿಗಾದರೂ ಅವರು ಹೊರಗಿರುವುದು ಗೊತ್ತಿತ್ತು. ಕೊನೆಗೆ ಪ್ರವಾಸಿಗರನ್ನು ಗುಡ್ಡ ಹತ್ತಿಸುವ ಜೀಪಿನ ಡ್ರೈವರ್ ಲೋಕೇಶನಿಗೆ ಫೋನು ಮಾಡಿದೆ.

"ಯಾವ ಗುಡ್ಡ ಹೇಳಿ ಅಕ್ಕ, ಈಗ್ಲೇ ಹೊರಟೆ."

"ಯಾವ ಗುಡ್ಡ ಅಂತ... ಅವ್ರು ಹೇಳಲಿಲ್ಲ."

"ಹೋಗ್ಲಿ, ಯಾವ ಕಡೆ? ಮೂಡಿಗೆರೆ ಕಡೆಯಾ, ಗಿರಿ ಕಡೆಯಾ, ಕಳಸದ ಕಡೆಯಾ?"

"ನೀಲಿ ಬ್ಯಾಗು ಲೋಕೇಶ. ರೊಟ್ಟಿ, ಬೆಲ್ಲ, ಟಾರ್ಚು ಎಲ್ಲ ಇದೆ. ಸೀಟಿಯೂ ಇದೆ."

"ಅಕ್ಕ, ಬ್ಯಾಗಲ್ಲಿ ಏನಿದೆ ಅಂತ ಗೊತ್ತಾದ್ರೆ ಗುಡ್ಡ ಹ್ಯಾಗೆ ಸಿಗುತ್ತೆ?" ಎಂದ. ಬೇರೆ ಡ್ರೈವರುಗಳನ್ನು ವಿಚಾರಿಸುವುದಾಗಿ ಹೇಳಿ ಫೋನಿಟ್ಟ.

ಆಗ ನೆನಪಾಯಿತು. ಸಿಸ್ಟರ್ ಇನ್ನೊಂದು ಮಾತನ್ನೂ ಹೇಳಿದ್ದರು, ಬಸ್ಸಿನ ಬಾಗಿಲಲ್ಲಿ ನಿಂತು: ಎಲ್ಲಿಗೆ ಹೋಗುತ್ತೇವೆ, ಯಾವಾಗ ಬರುತ್ತೇವೆ ಎಂದು ಹಿಂದೆ ಉಳಿದವರಿಗೆ ಹೇಳದೆ ಯಾರೂ ಬೆಟ್ಟಕ್ಕೆ ಹೋಗಬಾರದು. ಆಗ ನಾನು ಕಿಟಕಿ ಪಕ್ಕದ ಸೀಟಿಗಾಗಿ ಜಗಳದಲ್ಲಿದ್ದೆ.

ಹೊತ್ತು ಹೋಗಲೆಂದು ಫೋನಿನಲ್ಲಿದ್ದ ಇವರ ಫೋಟೊ ನೋಡುತ್ತಾ ಕುಳಿತೆ. ಇದರಲ್ಲಿ ಕಣ್ಣು ಮುಚ್ಚಿದ್ದಾರೆ, ಇದರಲ್ಲಿ ಯಾರದೋ ಭುಜ ಅಡ್ಡ ಬಂದಿದೆ, ಇದೊಂದು ಪರವಾಗಿಲ್ಲ, ಸೋಮಣ್ಣನನ್ನು ಪಕ್ಕದಿಂದ ತೆಗೆಸಿ ಕಟ್ಟು ಹಾಕಿಸಿದರೆ ಆಗಬಹುದು ಎನ್ನುವಾಗ, ನಾನು ಏನಕ್ಕಾಗಿ ಫೋಟೊ ಆರಿಸುತ್ತಿದ್ದೇನೆ ಎಂಬುದು ಹೊಳೆಯಿತು. ಫೋನನ್ನು ಅಕ್ಕಿ ಡಬ್ಬದ ಮೇಲೆ ಮಗುಚಿ ಹಾಕಿದೆ.

ಹೊರಗೆ ಬಂದರೆ ಮಂಜು ಕೊಂಚ ತೆಳುವಾಗಿತ್ತು. ವಿನೋದಕ್ಕ ಜಗುಲಿಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ಊಟಕ್ಕೆ ಮುಂಚೆ ನೋಡಿದಾಗಲೂ ಅದೇ ಮೊರ, ಅಷ್ಟೇ ಅಕ್ಕಿ. ನಮ್ಮ ಮನೆಯ ತಮಾಷೆ ನೋಡಲೆಂದೇ ಕುಳಿತಿದ್ದಾರೆ ಎಂದು ಮೈಯೆಲ್ಲ ಉರಿಯಿತು. ಗಂಡ ಎಲ್ಲಿಗೆ ಹೋಗಿದ್ದಾನೆ ಎಂದು ಗೊತ್ತಿಲ್ಲದ ಹೆಂಡತಿ ಎಂದು ಇವರ ಬಾಯಲ್ಲಿ ಆಲ್ದೂರು ಪೂರ್ತಿ ಸುತ್ತುವುದಕ್ಕಿಂತ ಸುಮ್ಮನಿರುವುದೇ ಮೇಲು. ನಿಂಬೆಗಿಡದ ಎಲೆ ನೋಡುವವಳಂತೆ ನೋಡಿ ಒಳಗೆ ಬಂದೆ. ಕತ್ತಲಾಗುತ್ತಾ ಬಂತು, ಬೀದಿಯ ಲೈಟು ಹತ್ತಿತು. ವಿನೋದಕ್ಕ ಮೊರ ಪಕ್ಕಕ್ಕಿಟ್ಟು, ಸೆರಗು ಕೊಡವಿಕೊಂಡು ನಮ್ಮ ಗೇಟಿನ ಕಡೆ ಬರುವುದು ಕಂಡಿತು. ಮುಂಬಾಗಿಲು ಹಾಕಿ ಚಿಲಕ ಜಡಿದೆ.

ಆಗಲೇ ಪಿಕಪ್ಪಿನ ಹಾರನ್ನು ಕೇಳಿದ್ದು.

ಯಾವುದೋ ಎಸ್ಟೇಟಿನ ಮೇಸ್ತ್ರಿ ಒಬ್ಬರು ಇವರನ್ನು ಹೆಗಲು ಕೊಟ್ಟು ಇಳಿಸಿದರು. ಪಾದ ಊದಿಕೊಂಡು ಕುಂಬಳಕಾಯಿಯಾಗಿತ್ತು, ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ದೇವರಮನೆ ಗುಡ್ಡದ ಹುಲ್ಲಿನಲ್ಲಿ ಜಾರಿ, ಮಂಜಿನಲ್ಲಿ ದಾರಿ ಕಾಣದೆ ಬಂಡೆಗೆ ಒರಗಿ ಕುಳಿತಿದ್ದರಂತೆ. "ಸೀಟಿ ಊದಬಾರದಿತ್ತಾ?" ಎಂದೆ. ಅವರು ಬ್ಯಾಗನ್ನು ನನ್ನ ಮುಂದಿಟ್ಟರು. ಚಳಿಗೆ ಮರಗಟ್ಟಿದ ಬೆರಳಿಗೆ ನಾನು ಹಾಕಿದ ಗಂಟು ಒಂದೂ ಬಿಚ್ಚಿರಲಿಲ್ಲ. ಎಲ್ಲವೂ ಭದ್ರವಾಗಿ, ಒದ್ದೆಯಾಗದೆ, ಹೋದ ಹಾಗೆಯೇ ವಾಪಸ್ಸು ಬಂದಿದ್ದವು.

"ಕೂಗ್ತಿದ್ರು ಅಮ್ಮ, ಅದಕ್ಕೇ ಗೊತ್ತಾಯ್ತು," ಎಂದರು ಮೇಸ್ತ್ರಿ. "ಸೋಮಣ್ಣ, ಸೋಮಣ್ಣ ಅಂತ. ಇನ್ನೊಬ್ರು ಇದಾರೇನೋ ಅಂತ ನಾವು ಆಮೇಲೂ ಸುಮಾರು ಹೊತ್ತು ಹುಡುಕಿದ್ವಿ."

ಇವರು ಗೋಡೆ ನೋಡುತ್ತಾ, "ಅಭ್ಯಾಸ," ಎಂದರು.

ಗೇಟಿನಿಂದ ಅವರ ಹಿಂದೆಯೇ ಒಳಗೆ ಬಂದಿದ್ದ ವಿನೋದಕ್ಕ ಅರಿಶಿನದ ಪಟ್ಟು ಬಿಸಿ ಮಾಡಿ ತಂದು ಪಾದಕ್ಕೆ ಹಾಕಿದರು. ನಾನು ಕಾಫಿ ಕೊಟ್ಟೆ. ಹಾಲು ಮತ್ತೆ ಉಕ್ಕಿತ್ತು. ಲೋಟ ತೊಳೆದಿಟ್ಟು, ಚಪ್ಪಲಿ ಮೆಟ್ಟಿಕೊಳ್ಳುತ್ತಾ, ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದು ಹೇಳುವ ದನಿಯಲ್ಲೇ ವಿನೋದಕ್ಕ ಹೇಳಿದರು:

"ಎರಡನೇ ಸಲ ಹೊರಟಾಗ ದೇವರಮನೆಗೆ ಅಂತ ನಂಗೆ ಹೇಳೇ ಹೋಗಿದ್ರು ಮಾರಾಯ್ತಿ, ಲೈಟ್ ಹತ್ತೋದ್ರೊಳಗೆ ಬರ್ಲಿಲ್ಲ ಅಂದ್ರೆ ನಿಂಗೆ ಹೇಳಿ ಅಂದ್ರು. ಅದಕ್ಕೇ ಆ ಮೊರ ಹಿಡ್ಕೊಂಡು ಕೂತಿದ್ದೆ. ಬೀದೀಲಿ ಎಲ್ಲಿಗೆ ಅಂತ ಕೇಳೋರು ನೀವೊಬ್ರೇ ವಿನೋದಕ್ಕ ಅಂತ ನಗ್ತಿದ್ರು ಪಾಪ."