ಹಗುರ ಹಿಡಿಕೆಯ ಠರಾವು

ಉಟಗಿಗೂ ಮಾಡಗ್ಯಾಳಕ್ಕೂ ನಡುವೆ ಇರುವ ನಮ್ಮೂರ ಪತಸಂಸ್ಥೆಯ, ಅಂದರೆ ಸಾಲ-ಠೇವಣಿಯ ಸಹಕಾರಿ ಸಂಘದ, ಬಾಗಿಲಲ್ಲಿ ಒಂದು ರೈಫಲ್ ಇದೆ, ಅದನ್ನು ಹಿಡಿಯಲು ಒಬ್ಬ ಕಾವಲುಗಾರನಿದ್ದಾನೆ, ಇವೆರಡೂ ಇರುವುದರಿಂದ ಇಂದಿನವರೆಗೆ ಇಲ್ಲಿ ಕಳವಾಗಿಲ್ಲ. ಕದಿಯುವಂಥದ್ದು ಒಳಗೆ ಏನೂ ಉಳಿದಿಲ್ಲ ಎಂದು ಕೆಲವರು ಅನ್ನುತ್ತಾರೆ. ಅನ್ನುವವರ ಬಾಯಿಗೆ ಬೀಗ ಹಾಕಲು ನಮ್ಮ ನಿಯಮದಲ್ಲಿ ಅವಕಾಶವಿಲ್ಲ. ನಾನು ಸೆಕ್ರೆಟರಿ ಶಿವಶರಣ. ನಡೆದದ್ದನ್ನು ನಡೆದಂತೆ ಹೇಳುವುದಷ್ಟೇ ನನ್ನ ಕೆಲಸ, ಹುಳುಕು ಹುಡುಕುವುದಲ್ಲ.

ಆಗ ಕಾವಲುಗಾರನಾಗಿದ್ದವನು ಶಿದ್ರಾಯ, ಫೌಜಿನಿಂದ ನಿವೃತ್ತನಾಗಿ ಬಂದವನು. ಅವನ ಎಡಗೈ ಮಣಿಕಟ್ಟು ನೋಯುತ್ತಿತ್ತು. ನೋವು ಸಂಸ್ಥೆಗೆ ಸಂಬಂಧಪಟ್ಟದ್ದಲ್ಲ. ಆದರೆ ವಾರ್ಷಿಕ ತಪಾಸಣೆಗೆ ಬಂದ ಸಾಹೇಬರು ಚಹಾ ಕುಡಿದು ಮುಗಿಸುವ ತನಕ ಕಾವಲುಗಾರ ರೈಫಲನ್ನು ಭುಜಕ್ಕೇರಿಸಿ ಅಲುಗಾಡದೆ ಹಿಡಿದಿರಬೇಕೆಂಬ ನಿಯಮವಿದೆ. ಹೋದ ವರ್ಷ ನಳಿಗೆ ನಡುಗುತ್ತ ನಡುಗುತ್ತ ಇಳಿದು ಸಾಹೇಬರ ಚಹಾದ ಬಶಿಯ ಮೇಲೆ ಕೂತಿತು. ಇನ್ನೊಮ್ಮೆ ಹೀಗಾದರೆ ಇವನನ್ನು ತೆಗೆಯಿರಿ ಎಂದು ಅವರು ಬಿಸ್ಕೀಟು ಮುಗಿಸಿಕೊಂಡು ಹೇಳಿಹೋದರು.

ಶಿದ್ರಾಯ ನನ್ನ ಟೇಬಲ್ಲಿನ ಮುಂದೆ ಬಂದು ನಿಂತ. “ಸೆಕ್ರೆಟರಿ ಸಾಹೇಬರ, ನಳಗಿ ಕೆಳಗ ನೆಟ್ಟಗ ಇಳದಿರೂ ಹಿಡಕಿ ಒಂದ ಸಿಗತದ. ಅದನ್ನ ಮುಷ್ಟ್ಯಾಗ ಹಿಡದ್ರ ಮಣಿಕಟ್ಟಿಗಿ ತ್ರಾಸ ಆಗೂದಿಲ್ಲ. ಹಗುರ ಇರೂದ ನೋಡಿ ಒಂದ ಕೊಡಸ್ರಿ. ನಮ್ಮ ನಂದಾ ಸಾಂಗಲ್ಯಾಗ ನರ್ಸಿಂಗ್ ಕಲ್ಯಾಕ ಹತ್ಯಾಳ. ನನ್ನ ನೌಕರಿ ಹೋದ್ರ ಅಕೀನ ಬಿಡಿಸಿಕೊಂಡ ಬರಬೇಕಾಗತದ.”

ನನಗೆ ಕರುಳು ಚುರ್ ಅಂತು. ಚುರ್ ಅಂದದ್ದನ್ನು ನಿಯಮದ ಪ್ರಕಾರ ಸಂಚಾಲಕರ ಸಭೆಯ ಮುಂದಿಟ್ಟೆ.

ಸಭೆ ಠರಾವು ಮಾಡಿತು: “ಹಿಡಿಕೆಯು ಹಗುರವಾಗಿರತಕ್ಕದ್ದು. ಹಗುರತೆಯ ಹೊರತು ಬೇರೆ ಯಾವ ಗುಣವನ್ನೂ ಪರಿಗಣಿಸತಕ್ಕದ್ದಲ್ಲ.” ಸಂಚಾಲಕಿ ಮಲಕವ್ವನವರು ‘ಗಟ್ಟಿ’ ಎಂಬ ಶಬ್ದವನ್ನೂ ಸೇರಿಸಿರೆಂದರು. ಸೇರಿಸಿದರೆ ಠರಾವು ಭಾರವಾಗುತ್ತದೆಂದು ಚೇರಮನ್ ಗುರುಲಿಂಗಪ್ಪನವರು ಒಪ್ಪಲಿಲ್ಲ.

ಗುರುಲಿಂಗಪ್ಪನವರು ಮಾಡಗ್ಯಾಳ ಕುರಿಗಳ ವ್ಯಾಪಾರದಲ್ಲಿ ದೊಡ್ಡವರಾದವರು. ಕುರಿ ಸಂತೆಯಲ್ಲಿ ಕೊಳ್ಳುವವನೂ ಮಾರುವವನೂ ಒಂದು ಟಾವೆಲ್ ಕೆಳಗೆ ಕೈ ಸೇರಿಸಿ, ಬೆರಳು ಹಿಚುಕಿ ದರ ಮುಗಿಸುತ್ತಾರೆ. ಒಳಗೆ ನಡೆದದ್ದನ್ನು ಹೊರಗೆ ಆಡುವಂತಿಲ್ಲ. ಕೈ ಬಿಟ್ಟ ಮೇಲೆ ಸವದಾ ತಿರುಗಿಸುವಂತಿಲ್ಲ; ತಿರುಗಿಸಿದವನಿಗೆ ಸಂತೆಯಲ್ಲಿ ಚಹಾ ಕೂಡ ಹುಟ್ಟುವುದಿಲ್ಲ. ಹಿಡಿಕೆಯನ್ನೂ ಹಾಗೇ ಆರಿಸಬೇಕೆಂದು ಚೇರಮನ್ನರು ಅಪ್ಪಣೆ ಮಾಡಿದರು. “ಕಣ್ಣ ಲಂಚ ತಿಂತಾವ, ಕೈ ತಿನ್ನಂಗಿಲ್ಲ,” ಎಂದರು. ಆ ಕೈಯ ಬಗ್ಗೆ ಮಾತಾಡುವ ಅಧಿಕಾರ ನನಗಿಲ್ಲ.

ಹಿಡಿಕೆ ಮಾರಲು ಮೂವರು ಬಂದರು. ಬಡಿಗ ನೂರಮಹಮ್ಮದ ಹಗುರ ಕಟ್ಟಿಗೆಯನ್ನು ಒಳಗೆ ಕೊರೆದು ಟೊಳ್ಳು ಮಾಡಿ ಚೆಂದದ ಹಿಡಿಕೆ ಮಾಡಿ ತಂದಿದ್ದ. ಚೇರಮನ್ನರು ಟಾವೆಲ್ ಒಳಗೆ ಅದನ್ನು ತೂಗಿ, “ಹಗುರ ಅದ,” ಎಂದರು. ಸಾಂಗಲಿಯ ಅಂಗಡಿಯವನ ಪ್ಲಾಸ್ಟಿಕ್ ಹಿಡಿಕೆಗೆ, “ಇನ್ನಾ ಹಗುರ,” ಎಂದರು. ಮೂರನೆಯವನು ಮಹಾಂತ, ಚೇರಮನ್ನರ ಹೆಂಡತಿಯ ತಮ್ಮ. ಅವನೊಂದಿಗೆ ಕೈ ಸೇರಿಸಿ ಚೇರಮನ್ನರು ಬಹಳ ಹೊತ್ತು ಕಣ್ಣು ಮುಚ್ಚಿದರು. “ಅಬಬಬಾ! ಏನ್ ಹಗುರಪಾ ಇದು!”

ಟಾವೆಲ್ ಸರಿಸಿದಾಗ ಅಲ್ಲಿ ಎರಡು ಕೈಗಳಿದ್ದವು.

“ಅಯ್ಯ ನನ ಶಿವನ, ಬರೇ ಕೈ ಅದಾವಲ್ರಿ! ಹಿಡಕಿ ಎಲ್ಲದ?” ಎಂದರು ಮಲಕವ್ವ.

“ಟಾವೆಲ್ ಒಳಗಿಂದು ಹೊರಗ ಆಡಬಾರದ್ರೀ ಅವ್ವಾರ. ಕೈ ಬಿಟ್ಟೇವಿ, ಸವದಾ ಮುಗೀತು,” ಎಂದರು ಚೇರಮನ್ನರು.

ಮಹಾಂತ ಎದ್ದು ನಿಂತು, “ಇದಕ್ಕಿಂತ ಹಗುರಂದ ಯಾರರೆ ತರ್ರಿ, ನಂದು ಈಗ ವಾಪಸ್ ತಗೋತೀನಿ,” ಎಂದು ಸವಾಲು ಹಾಕಿದ. ಎಲ್ಲರೂ ವಿಚಾರ ಮಾಡಿದರು. ಯಾರಿಗೂ ಹೊಳೆಯಲಿಲ್ಲ. ನೂರಮಹಮ್ಮದ ತನ್ನ ಹಿಡಿಕೆಯನ್ನು ಚೀಲಕ್ಕೆ ಹಾಕಿಕೊಂಡು, “ಗಾಳಿ ಕೂಡ ನಾ ಏನ್ ಜಿದ್ದ ಮಾಡ್ಲಿರಿ?” ಎಂದು ಹೊರಟುಹೋದ. ಮಹಾಂತನ ಬಿಲ್ಲು ಅದೇ ಟಾವೆಲ್ ಕೆಳಗೆ ಪಾಸಾಯಿತು. ಬಿಲ್ಲಿಗೆ ಮಾತ್ರ ಸಾಕಷ್ಟು ಭಾರವಿತ್ತು.

ತೆಂಗಿನಕಾಯಿ ಒಡೆದು ಹಿಡಿಕೆಯನ್ನು ಜೋಡಿಸಲಾಯಿತು. ನಾನು ಸೂಚನೆ ಓದಿದೆ: “ಇನ್ನು ಮುಂದೆ ಎಡಗೈ ಹಿಡಿಕೆಯನ್ನಷ್ಟೇ ಹಿಡಿಯತಕ್ಕದ್ದು. ರೈಫಲಿನ ಬೇರೆ ಯಾವ ಭಾಗವನ್ನೂ ಮುಟ್ಟತಕ್ಕದ್ದಲ್ಲ.”

“ಏನ್ ಹಿಡೀಲ್ರೀ?” ಎಂದ ಶಿದ್ರಾಯ.

“ಹಿಡಕಿ ಹಿಡಿಯೋ ಮಾರಾಯ! ಹಗುರಂದ ಬೇಕಂತ ನೀನ ಕೇಳಿದ್ದಿಲ್ಲ?” ಎಂದರು ಚೇರಮನ್ನರು.

ಅವನು ನಳಿಗೆಯ ಕೆಳಗೆ ಗಾಳಿಯಲ್ಲಿ ಮುಷ್ಟಿ ಕಟ್ಟಿ ನಿಂತ. ಮರುವಾರ ನೂರಮಹಮ್ಮದ, “ಶಿದ್ರಾಯಣ್ಣ, ರೊಕ್ಕ ಬ್ಯಾಡ, ಇದನ್ನ ಹಾಕ್ಕೋ,” ಎಂದು ತನ್ನ ಹಿಡಿಕೆಯನ್ನೇ ಕೂಡಿಸಿಕೊಟ್ಟ. ಶಿದ್ರಾಯನ ಮುಖ ಅರಳಿತು. ಒಂದು ರೈಫಲಿಗೆ ಎರಡು ಹಿಡಿಕೆ ಮಂಜೂರಿಲ್ಲದ್ದರಿಂದ ನಾನು ಅದನ್ನು ಬಿಚ್ಚಿಸಿದೆ.

ತಪಾಸಣೆಯ ದಿನ ಸಾಹೇಬರಿಗೆ ಚಹಾ ಬಿಸಿಯಾಯಿತು, ಊದಿ ಊದಿ ಕುಡಿದರು. ಶಿದ್ರಾಯ ಎಡಗೈಯಲ್ಲಿ ಠರಾವಿನಂತೆ ಹಿಡಿಕೆ ಹಿಡಿದು, ಇಡೀ ರೈಫಲನ್ನು ಬಲಗೈ ಒಂದರಲ್ಲೇ ಹೊತ್ತಿದ್ದ. ಹಣೆಯ ಬೆವರು ಮೀಸೆಗೆ ಇಳಿಯಿತು. ನಳಿಗೆ ಬಾಗಿತು, ಈ ಸಲ ನೇರ ಕಪ್ಪಿನೊಳಗೇ ಹೋಯಿತು. ಸಾಹೇಬರು ಎದ್ದು ಬಂದು, ನಳಿಗೆಯ ಕೆಳಗಿನ ಬಯಲಲ್ಲಿ ಬೆರಳಾಡಿಸಿ, ಮಹಾಂತನ ಮನೆಯ ಊಟಕ್ಕೆ ಹೋಗಿಬಂದು ಬರೆದರು: “ಹಿಡಿಕೆ ಉತ್ತಮವಾಗಿದೆ. ಹಿಡಿಯುವವನೇ ಭಾರವಾಗಿದ್ದಾನೆ. ಹಗುರ ಕಾವಲುಗಾರನನ್ನು ನೇಮಿಸತಕ್ಕದ್ದು.”

ಮತ್ತೆ ಟಾವೆಲ್ ಹಾಸಲಾಯಿತು. ಮತ್ತೆ ಮಹಾಂತನೇ ಗೆದ್ದ; ಅವನು ತಂದ ಕಾವಲುಗಾರನಿಗೆ ತೂಕವೇ ಇರಲಿಲ್ಲ. ಮಲಕವ್ವನವರು ಈ ಸಲ, “ಹುಡುಗ ಚಲೋ ಅದಾನ,” ಎಂದರು. ಹೊಸಬನಿಗೆ ಯೂನಿಫಾರ್ಮ್ ಹೊಲಿಯುವ ಕೆಲಸ ಅವರ ಮಗನಿಗೆ ಸಿಕ್ಕಿತ್ತು.

ಈಗ ಬಾಗಿಲಲ್ಲಿ ಒಂದು ಸ್ಟೂಲ್ ಇದೆ, ಅದರ ಮೇಲಿನ ಮೊಳೆಯಲ್ಲಿ ರೈಫಲ್ ಇದೆ. ಬರುವವರು ಸ್ಟೂಲಿಗೆ ನಮಸ್ಕಾರ ಮಾಡಿ, ಚೀಲ ತೆರೆದು ತೋರಿಸಿ ಒಳಗೆ ಬರುತ್ತಾರೆ. ಹೊಸ ಕಾವಲುಗಾರನ ಪಗಾರ ತಪ್ಪದೆ ಮಹಾಂತನ ಕೈ ಸೇರುತ್ತದೆ.

ನಿನ್ನೆ ಶಿದ್ರಾಯ ಬಾಕಿ ಪಗಾರ ಕೇಳಲು ಬಂದಿದ್ದ. ಆಗಷ್ಟೇ ಎಸ್ಟಿ ಬಸ್ಸಿನಿಂದ ಇಳಿದ ನಂದಾ ಜೊತೆಗಿದ್ದಳು, ಹಾಸ್ಟೆಲ್ಲಿನ ಟ್ರಂಕು ಅವನ ಬಲಗೈಯಲ್ಲಿತ್ತು. ನಂದಾ ಸೀದಾ ಒಳಗೆ ಕಾಲಿಡಲು ಹೋದಳು. “ತಡಿ ಯವ್ವಾ, ತಪಾಸ ಮಾಡ್ಲಿ,” ಎಂದು ಅವಳನ್ನು ನಿಲ್ಲಿಸಿ, ಶಿದ್ರಾಯ ಟ್ರಂಕನ್ನು ಸ್ಟೂಲಿನ ಮುಂದಿಟ್ಟು ಮುಚ್ಚಳ ತೆಗೆದ. ಮೇಲೆಯೇ ಅವಳ ಬಿಳಿ ಯೂನಿಫಾರ್ಮ್ ಇತ್ತು, ಇಸ್ತ್ರಿ ಮುರಿದಿರಲಿಲ್ಲ.

ನನಗೆ ನೋಡಲಾಗಲಿಲ್ಲ. “ಬರ್ರಿ, ಶಿದ್ರಾಯಣ್ಣ, ಬರ್ರಿ ಒಳಗ,” ಎಂದು ಕೂಗಿದೆ.

“ನೀವ ಅಂದ್ರ ಹೆಂಗ್ರಿ ಸಾಹೇಬರ? ಅಂವ ಅನ್ನಬೇಕಲ್ಲ,” ಎಂದ.

ನಾನು ಊಟಕ್ಕೆ ಎದ್ದಾಗಲೂ ಅಪ್ಪ ಮಗಳು ಬಾಗಿಲಲ್ಲೇ ನಿಂತಿದ್ದರು. ಹೊಸ ಕಾವಲುಗಾರ ಬಿಗಿ ಮನುಷ್ಯ, ಯಾರನ್ನೂ ಹಾಗೇ ಒಳಗೆ ಬಿಡುವುದಿಲ್ಲ.